ಕೇಕೂ ಬೇಕು, ಸೊಂಟವೂ ಬೇಕು

ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ನಾಲ್ಕೈದು ಜನ ಬೇಕಿಂಗ್ ಕಲಿಯಲು ಬರುತ್ತಾರೆ. ಮೂರನೇ ವಾರಕ್ಕೆ ಒಂದು ಮಾತು ಬಂದೇ ಬರುತ್ತದೆ: "ಮೇಡಂ, ಕೇಕ್ ಚೆನ್ನಾಗಿ ಬರ್ತಿದೆ, ಚೂಡಿದಾರ ಮಾತ್ರ ಬಿಗಿಯಾಗ್ತಿದೆ." ಮುಂದೆ ಅವರು ಏನು ಮಾಡುತ್ತಾರೆ ಅಂತಲೂ ನನಗೆ ಗೊತ್ತು. ಮೈದಾ ಬಿಟ್ಟು ರಾಗಿ ಹಿಟ್ಟು, ಸಕ್ಕರೆ ಬಿಟ್ಟು ಬೆಲ್ಲ, ಬೆಣ್ಣೆ ಬಿಟ್ಟು ಕೊಬ್ಬರಿ ಎಣ್ಣೆ. ಆ ಕೇಕ್‌ಗೆ 'ಹೆಲ್ದಿ' ಅಂತ ಹೆಸರು. ಹೆಲ್ದಿ ಅಲ್ವಾ, ಅದಕ್ಕೇ ಒಂದು ತುಂಡು ಜಾಸ್ತಿ.

ನಾನೂ ಇದನ್ನೇ ಮಾಡಿದ್ದೆ. ಓವನ್ ಮನೆಗೆ ಬಂದ ವರ್ಷ ಆರು ಕಿಲೋ ಏರಿಸಿಕೊಂಡೆ. ಆ ಆರು ಕಿಲೋ ಇಳಿದದ್ದು ರೆಸಿಪಿ ಬದಲಿಸಿದ್ದರಿಂದ ಅಲ್ಲ. ಕೇಕ್ ಓವನ್‌ನಿಂದ ಹೊರಗೆ ಬಂದ ಮೇಲೆ ಏನು ಮಾಡುತ್ತೇನೆ ಅನ್ನುವುದನ್ನು ಬದಲಿಸಿದ್ದರಿಂದ. ಹಾಗಾಗಿ ಈ ಲೇಖನದಲ್ಲಿ ಆ ಭಾಗವೇ ಉದ್ದ. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಮೊದಲು ಒಂದು ಲೆಕ್ಕ

ಒಂದು ಸಾದಾ ಬಟರ್ ಕೇಕ್ ತೆಗೆದುಕೊಳ್ಳಿ. 100 ಗ್ರಾಂ ಮೈದಾ, 100 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ, ಎರಡು ಮೊಟ್ಟೆ. ಮೈದಾದಿಂದ ಸುಮಾರು 350 ಕ್ಯಾಲೊರಿ, ಸಕ್ಕರೆಯಿಂದ 400, ಬೆಣ್ಣೆಯಿಂದ 720, ಮೊಟ್ಟೆಗಳಿಂದ 140. ಒಟ್ಟು 1600ರ ಆಸುಪಾಸು.

ಈಗ 'ಹೆಲ್ದಿ' ಮಾಡೋಣ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಇಡೀ ಕೇಕ್‌ಗೆ ಉಳಿಯುವುದು 20 ಕ್ಯಾಲೊರಿ. ರಾಗಿ ಹಾಕಿದರೆ ಇನ್ನೊಂದು 20–30. ಬೆಣ್ಣೆ ತೆಗೆದು ಅಷ್ಟೇ ತೂಕದ ಕೊಬ್ಬರಿ ಎಣ್ಣೆ ಹಾಕಿದರೆ? 180 ಜಾಸ್ತಿ! ಬೆಣ್ಣೆಯಲ್ಲಿ ಸ್ವಲ್ಪ ನೀರಿನಂಶ ಇರುತ್ತದೆ, ಎಣ್ಣೆ ಪೂರ್ತಿ ಕೊಬ್ಬು. ಇಷ್ಟೆಲ್ಲ ಒದ್ದಾಡಿ ಮಾಡಿದ ಹೆಲ್ದಿ ಕೇಕ್ ಮೊದಲಿನ ಕೇಕ್‌ಗಿಂತ ಭಾರ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇದೆ, ಒಪ್ಪಿದೆ. ಅದಕ್ಕೆ ಮುದ್ದೆ ಇದೆ, ಸಾರು ಇದೆ. ಪಾಪ, ಕೇಕ್ ಯಾಕೆ ಕೆಡಿಸಬೇಕು?

ಅದೇ 1600 ಕ್ಯಾಲೊರಿಯ ಕೇಕನ್ನು ಐದು ತುಂಡು ಮಾಡಿದರೆ ತಲಾ 320. ಎಂಟು ತುಂಡು ಮಾಡಿದರೆ 200. ರೆಸಿಪಿ ಮುಟ್ಟಲೇ ಇಲ್ಲ, ಚಾಕು ಮುಟ್ಟಿದೆವು, ಅಷ್ಟೇ.

1. ದಾರ ಹಿಡಿದು ಅಳತೆ ನೋಡಿ

ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಎರಡಾಗಿ ಮಡಚಿ. ಹೊಟ್ಟೆ ಒಳಗೆ ಎಳೆದುಕೊಳ್ಳದೆ ಸೊಂಟಕ್ಕೆ ಸುತ್ತಿ. ಎರಡೂ ತುದಿ ಸೇರಿದರೆ ಸರಿ. ಸೇರದಿದ್ದರೆ ಕೆಲಸ ಇದೆ. ಸೆಂಟಿಮೀಟರ್ ಲೆಕ್ಕ ಬೇಕೆಂದರೆ, ನಮ್ಮ ದೇಶದವರಿಗೆ ಹೆಂಗಸರಿಗೆ 80, ಗಂಡಸರಿಗೆ 90 ಅನ್ನುವುದು ಎಚ್ಚರಿಕೆಯ ಗೆರೆ. ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ) ಕೂಡ ನಮಗೆ 23 ದಾಟಿದರೆ ಜಾಸ್ತಿ ಅಂತಲೇ ಅರ್ಥ. ಎಷ್ಟೋ ಮೊಬೈಲ್ ಆ್ಯಪ್‌ಗಳು 25ರವರೆಗೆ ಹಸಿರು ಬಣ್ಣ ತೋರಿಸುತ್ತವೆ, ಅದು ನಮಗೆ ಸಲ್ಲದ ಲೆಕ್ಕ. ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸಿಹಿ ವಿಷಯದಲ್ಲಿ ನನ್ನ ಮಾತು ಬಿಟ್ಟು ವೈದ್ಯರ ಮಾತು ಕೇಳಬೇಕು.

2. ತಕ್ಕಡಿ ಮತ್ತು ಚಿಕ್ಕ ಟಿನ್ ತನ್ನಿ

ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಕಪ್ ಅಳತೆ ನಂಬಬೇಡಿ. ಒಂದು ಸೆಟ್‌ನ ಕಪ್ 200 ಮಿ.ಲೀ., ಇನ್ನೊಂದರದು 240. ಕಪ್ ಅಂತ ಎರಡಕ್ಕೂ ಬರೆದಿರುತ್ತದೆ.

ಟಿನ್ 6 ಇಂಚಿನದು. ನಾಲ್ಕು ಜನರ ಮನೆಗೆ 9 ಇಂಚಿನ ಟಿನ್ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. 6 ಇಂಚಿನ ಟಿನ್‌ನ ವಿಸ್ತೀರ್ಣ 9 ಇಂಚಿನದರ ಅರ್ಧಕ್ಕಿಂತ ಕಡಿಮೆ. 8 ಇಂಚಿನ ರೆಸಿಪಿ ಇದ್ದರೆ ಎಲ್ಲವನ್ನೂ ಅರ್ಧ ಮಾಡಿ, 6 ಇಂಚಿನದಕ್ಕೆ ಸರಿಹೋಗುತ್ತದೆ. ಮೂರು ಮೊಟ್ಟೆಯನ್ನು ಅರ್ಧ ಮಾಡುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಎರಡು ಮೊಟ್ಟೆ ಒಡೆದು ಕಲಸಿ, 75 ಗ್ರಾಂ ತೂಗಿ ತೆಗೆದುಕೊಳ್ಳಿ. ಉಳಿದದ್ದು ಆಮ್ಲೆಟ್‌ಗೆ.

3. ಸಕ್ಕರೆ ಕಾಲು ಭಾಗ ಕಡಿಮೆ ಮಾಡಿ, ಅದಕ್ಕಿಂತ ಹೆಚ್ಚಲ್ಲ

100 ಗ್ರಾಂ ಅಂದಲ್ಲಿ 75. ಅರ್ಧಕ್ಕೆ ಇಳಿಸಬೇಡಿ. ಕೇಕ್‌ನಲ್ಲಿ ಸಕ್ಕರೆ ಇರುವುದು ಬರೀ ಸಿಹಿಗೆ ಅಲ್ಲ. ಅದು ತೇವ ಹಿಡಿದಿಡುತ್ತದೆ, ಬೆಣ್ಣೆ ಜೊತೆ ಬೀಟ್ ಮಾಡುವಾಗ ಗಾಳಿ ತುಂಬಿಸುತ್ತದೆ, ಮೇಲ್ಭಾಗಕ್ಕೆ ಕಂದು ಬಣ್ಣ ತರುತ್ತದೆ. ಅರ್ಧ ತೆಗೆದರೆ ಬಿಳಚಿಕೊಂಡ, ಒಣಗಿದ ಬ್ರೆಡ್ ಥರ ಆಗುತ್ತದೆ. ಕಡಿಮೆಯಾದ ಸಿಹಿ ತುಂಬಲು ಕಿತ್ತಳೆ ಸಿಪ್ಪೆಯ ತುರಿ, ಏಲಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿ.

ಇದರಿಂದ ಒಂದು ತುಂಡಿಗೆ ಉಳಿಯುವುದು ಹನ್ನೆರಡೋ ಹದಿಮೂರೋ ಕ್ಯಾಲೊರಿ ಮಾತ್ರ. ಲಾಭ ನಾಲಿಗೆಗೆ. ಎರಡು ತಿಂಗಳಾದ ಮೇಲೆ ಅಂಗಡಿ ಕೇಕ್ ತಿಂದರೆ ಗಂಟಲು ಕಟ್ಟುತ್ತದೆ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ನಮ್ಮ ಕೇಕ್‌ನ ಒಂದು ತುಂಡಿನಲ್ಲಿ ಒಂಬತ್ತು ಗ್ರಾಂ ಚಿಲ್ಲರೆ. ಎರಡು ಲೋಟ ಕಾಫಿಗೆ ಒಂದೊಂದು ಚಮಚ ಸೇರಿಸಿದರೂ ಒಳಗೇ ಇರುತ್ತೀರಿ. ನಾಲ್ಕನೇ ಕಾಫಿ ಕುಡಿಯುವವರು ಕೇಕ್ ಮೇಲೆ ತಪ್ಪು ಹೊರಿಸಬೇಡಿ.

ಸಕ್ಕರೆ ಬದಲಿ ಪುಡಿಗಳು ಬೇಡ. ತೂಕ ಇಳಿಸಲು ಇವನ್ನು ನೆಚ್ಚಬೇಡಿ ಅಂತ ಅದೇ ಸಂಸ್ಥೆ 2023ರಲ್ಲಿ ಹೇಳಿತು (ಮೊದಲೇ ಶುಗರ್ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ). ಆಸ್ಪರ್ಟೇಮ್ ಇರುವ ಪುಡಿಯಂತೂ ಓವನ್ ಬಿಸಿಗೆ ಸಿಹಿಯನ್ನೇ ಕಳೆದುಕೊಳ್ಳುತ್ತದೆ. ಒಮ್ಮೆ 'ಶುಗರ್ ಫ್ರೀ' ಚಾಕೊಲೆಟ್ ತಂದು ಅರ್ಧ ಬಾರ್ ತಿಂದೆ. ಅದರಲ್ಲಿ ಸಕ್ಕರೆ ಬದಲು ಹಾಕಿದ್ದ ಮಾಲ್ಟಿಟಾಲ್ ಅನ್ನುವ ಪದಾರ್ಥ ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ ಅಂತ ಆ ರಾತ್ರಿ ಗೊತ್ತಾಯಿತು.

4. ಬೌಲ್ ನೆಕ್ಕಬೇಡಿ

ಹಸಿ ಮೊಟ್ಟೆ ಮಾತ್ರ ಅಲ್ಲ, ಹಸಿ ಮೈದಾ ಕೂಡ ಹೊಟ್ಟೆಗೆ ಒಳ್ಳೆಯದಲ್ಲ. ಸ್ಪ್ಯಾಚುಲಾದಿಂದ ಪೂರ್ತಿ ಕೆರೆದು ಟಿನ್‌ಗೆ ಹಾಕಿ, ಬೌಲ್‌ಗೆ ತಕ್ಷಣ ನೀರು ಬಿಡಿ. ಮುಗಿಯಿತು.

5. ಓವನ್‌ನಿಂದ ತೆಗೆದ ಮೇಲಿನ ಎರಡು ಗಂಟೆ

ಎಲ್ಲರೂ ಜಾರುವುದು ಇಲ್ಲೇ.

ಕೇಕ್ ಹೊರಗೆ ಬರುತ್ತದೆ. ಮನೆಯೆಲ್ಲ ಘಮ. ಟಿನ್‌ನಲ್ಲಿ ಹತ್ತು ನಿಮಿಷ ಬಿಟ್ಟು ಜಾಲರಿ ಮೇಲೆ ಮಗುಚುತ್ತೀರಿ. ಬಿಸಿಬಿಸಿ ಇರುವಾಗಲೇ ಯಾರೋ ಚಾಕು ಹಿಡಿದು ಬರುತ್ತಾರೆ. ಬಿಸಿ ಕೇಕ್ ಕತ್ತರಿಸಿದರೆ ತುಂಡು ಬರುವುದಿಲ್ಲ, ಪುಡಿ ಬರುತ್ತದೆ. ಪುಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಹಿಡಿ ಪುಡಿ ಬಾಯಿಗೆ ಹೋದ ಮೇಲೆ 'ನನ್ನ ತುಂಡು' ಬೇರೆ. ಹಾಗಾಗಿ ಪೂರ್ತಿ ಆರುವವರೆಗೆ ಚಾಕು ಬಚ್ಚಿಡಿ. ಒಂದರಿಂದ ಒಂದೂವರೆ ಗಂಟೆ. ತಳ ಮುಟ್ಟಿ ನೋಡಿ, ಬೆಚ್ಚಗೂ ಇರಬಾರದು.

ಆರಿದ ಮೇಲೆ, ಯಾರೊಬ್ಬರೂ ತಿನ್ನುವ ಮೊದಲು, ಇಡೀ ಕೇಕ್ ಕತ್ತರಿಸಿ. ಬೇಕಾದಾಗ ಬೇಕಾದಷ್ಟು ಕತ್ತರಿಸುವ ಪದ್ಧತಿಯೇ ನಮ್ಮ ಶತ್ರು. ಹಲ್ಲುಹಲ್ಲಾದ ಬ್ರೆಡ್ ಚಾಕು ತೆಗೆದುಕೊಳ್ಳಿ. ಮೊದಲು ನಾಲ್ಕು ಭಾಗ, ಪ್ರತಿ ಭಾಗ ಎರಡು, ಒಟ್ಟು ಎಂಟು. ಪ್ರತಿ ಸಲ ಚಾಕು ಒರೆಸಿ. ಲೋಫ್ ಟಿನ್ ಆದರೆ ಇನ್ನೂ ಸುಲಭ. ಉದ್ದ ಅಳೆದು, ಎಂಟು ಸಮ ಭಾಗಕ್ಕೆ ಗುರುತು ಹಾಕಿ, ನೇರ ಕತ್ತರಿಸಿ.

ಇಡೀ ಕೇಕನ್ನು ಗಾಜಿನ ಮುಚ್ಚಳದ ಸ್ಟ್ಯಾಂಡ್‌ನಲ್ಲಿ ಊಟದ ಮೇಜಿನ ಮೇಲೆ ಇಡುವವರನ್ನು ನೋಡಿದ್ದೇನೆ. ಫೋಟೊಗೆ ಚೆಂದ. ಆದರೆ ದಾಟಿ ಹೋಗುವವರೆಲ್ಲ ನಿಂತು 'ಅಂಚು ಓರೆಯಾಗಿದೆ, ಸರಿ ಮಾಡ್ತೀನಿ' ಅನ್ನುತ್ತಾರೆ. ಓರೆಯಾದ ಅಂಚು ಯಾವತ್ತೂ ಸರಿಯಾಗುವುದಿಲ್ಲ. ಸಂಜೆಯೊಳಗೆ ಕಾಲು ಕೇಕ್ ಅಂಚಿನಲ್ಲೇ ಖರ್ಚು.

ಎಂಟು ತುಂಡಿಗೂ ಅಲ್ಲೇ ದಾರಿ ತೋರಿಸಿ. ಇವತ್ತು ತಿನ್ನುವವರಿಗೆ ತಲಾ ಒಂದು, ತಟ್ಟೆಗೆ. ಪಕ್ಕದ ಮನೆಗೆ ಎರಡು, ಡಬ್ಬಕ್ಕೆ. ಆ ಡಬ್ಬ ಕಾಫಿಗೆ ಮೊದಲೇ ಮನೆಯಿಂದ ಹೊರಡಬೇಕು. ನಾಳೆ ಕೊಡೋಣ ಅಂದರೆ ನಾಳೆಗೆ ಡಬ್ಬ ಮಾತ್ರ ಇರುತ್ತದೆ.

ಉಳಿದವನ್ನು ಒಂದೊಂದಾಗಿ ಕ್ಲಿಂಗ್ ಫಿಲ್ಮ್‌ನಲ್ಲಿ ಬಿಗಿಯಾಗಿ ಸುತ್ತಿ. ಎಲ್ಲ ಸೇರಿಸಿ ಒಂದೇ ಸುತ್ತು ಹಾಕಿದರೆ ಒಂದಕ್ಕೊಂದು ಅಂಟಿಕೊಂಡು, ತೆಗೆದಾಗ ಮೂರೂ ಬರುತ್ತವೆ. ಮೂರೂ ಬಂದ ಮೇಲೆ ಏನಾಗುತ್ತದೆ ಅಂತ ಹೇಳಬೇಕಾ? ಸುತ್ತಿದ ತುಂಡುಗಳನ್ನು ಜಿಪ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು, ತಾರೀಖು ಬರೆದು ಫ್ರೀಜರ್‌ನಲ್ಲಿಡಿ. ಕೆಳಗಿನ ಫ್ರಿಜ್ ಭಾಗದಲ್ಲಿ ಅಲ್ಲ. ಅಲ್ಲಿ ಕೇಕ್ ಹೊರಗಿಟ್ಟದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಫ್ರೀಜರ್‌ನಲ್ಲಿ ಎರಡು ತಿಂಗಳು ಚೆನ್ನಾಗಿರುತ್ತದೆ.

ತಿನ್ನಬೇಕು ಅನಿಸಿದ ದಿನ ಒಂದು ತುಂಡು ತೆಗೆದು, ಸುತ್ತಿದ್ದನ್ನು ಬಿಚ್ಚದೆ ಒಂದು ಗಂಟೆ ಹೊರಗಿಡಿ. ಬಿಚ್ಚಿಟ್ಟರೆ ಗಾಳಿಯ ತೇವ ಕೇಕ್ ಮೇಲೆ ಕೂತು ಅಂಟಂಟಾಗುತ್ತದೆ. ಮೈಕ್ರೊವೇವ್‌ಗೆ ಹಾಕುವ ಅಡ್ಡದಾರಿ ಬೇಡ. ಒಂದೆರಡು ನಿಮಿಷ ಮೆತ್ತಗಿದ್ದು ಆಮೇಲೆ ರಬ್ಬರ್ ಆಗುತ್ತದೆ. ಅಲ್ಲದೆ ಆ ಒಂದು ಗಂಟೆ ಕಾಯುವುದರಲ್ಲೇ ಕೆಲಸ ಇದೆ. ರಾತ್ರಿ ಹತ್ತೂವರೆಗೆ ಸುಮ್ನೆ ಏನೋ ಬಾಯಾಡಿಸಬೇಕು ಅಂತ ಫ್ರೀಜರ್ ಬಾಗಿಲು ತೆಗೆದವಳು ಕಲ್ಲಿನಂಥ ಕೇಕ್ ನೋಡಿ ವಾಪಸ್ ಹೋಗಿ ಮಲಗಿದ್ದೇನೆ, ಎಷ್ಟೋ ಸಲ.

ಕರೆಂಟ್ ಹೋಗಿ ಪೂರ್ತಿ ಕರಗಿದರೆ ಮತ್ತೆ ಫ್ರೀಜ್ ಮಾಡಬೇಡಿ. ಕ್ರೀಮ್ ಕೇಕ್‌ಗೆ ಈ ವಿಧಾನ ಹೇಳುವುದಿಲ್ಲ, ಅದನ್ನು ಹುಟ್ಟುಹಬ್ಬಕ್ಕೆ ಮಾತ್ರ ಮಾಡಿ. ಅಂಗಡಿಯ ಡಬ್ಬದ ವಿಪ್ ಟಾಪಿಂಗ್ ಬಗ್ಗೆ ಒಂದು ಮಾತು: ಲೇಬಲ್ ಓದಿ. ಬಹಳಷ್ಟರಲ್ಲಿ ಹಾಲಿನ ಕೆನೆ ಇರುವುದಿಲ್ಲ, ತಾಳೆ ಜಾತಿಯ ಕೊಬ್ಬು, ನೀರು, ಸಕ್ಕರೆ ಇರುತ್ತದೆ. ಲೇಬಲ್‌ನಲ್ಲಿ ಮೊದಲು ಬರೆದ ಪದಾರ್ಥವೇ ಒಳಗೆ ಜಾಸ್ತಿ ಇರುವುದು. ಈ ಒಂದು ಸೂತ್ರ ಹಿಡಿದು 'ಮಲ್ಟಿಗ್ರೇನ್' ರಸ್ಕ್, 'ಡೈಜೆಸ್ಟಿವ್' ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿ.

ಬಿಸ್ಕತ್ತು, ನಾನ್‌ಖಟಾಯಿ ಮಾಡುವವರಿಗೆ ಇನ್ನೂ ಸುಲಭ. ಬೇಯಿಸುವ ಮೊದಲೇ ನಿಲ್ಲಿಸಿ. ಹಿಟ್ಟನ್ನು 20 ಗ್ರಾಂ ಉಂಡೆ ಮಾಡಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಕವರ್‌ಗೆ ಹಾಕಿ. ಬೇಕಾದಾಗ ನಾಲ್ಕೇ ನಾಲ್ಕು ಬೇಯಿಸಿ, ಎಂದಿಗಿಂತ ಎರಡು ಮೂರು ನಿಮಿಷ ಜಾಸ್ತಿ. ನಾಲ್ಕು ಬಿಸ್ಕತ್ತಿಗೆ ಓವನ್ ಹಾಕುತ್ತೀಯಲ್ಲ, ಕರೆಂಟ್ ಬಿಲ್ ಯಾರು ಕಟ್ಟುವುದು ಅಂತ ನಮ್ಮ ಯಜಮಾನರು ಗೊಣಗುತ್ತಾರೆ. ನಾಲ್ಕರಲ್ಲಿ ಎರಡು ಅವರೇ ತಿನ್ನುತ್ತಾರೆ.

6. ಊಟದ ಮೇಲೆ ತಿನ್ನಿ, ಹಸಿದು ತಿನ್ನಬೇಡಿ

ಸಂಜೆ ಆರಕ್ಕೆ ಹೊಟ್ಟೆ ಚುರುಗುಟ್ಟುವಾಗ ಕೇಕ್ ಮುಂದೆ ನಿಂತರೆ ಯಾರಿಂದಲೂ ಒಂದಕ್ಕೆ ನಿಲ್ಲಿಸಲು ಆಗುವುದಿಲ್ಲ. ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮೊಸರು ಉಂಡ ಮೇಲೆ ಕೂತು, ತಟ್ಟೆಯಲ್ಲಿಟ್ಟು ತಿನ್ನಿ. ಆ ದಿನ ಒಂದು ಸೌಟು ಅನ್ನ ಕಡಿಮೆ ಹಾಕಿಕೊಳ್ಳಿ. ನಡೆದು ಕರಗಿಸುತ್ತೇನೆ ಅನ್ನುವವರಿಗೆ: 60 ಕಿಲೋ ತೂಕದವರು ಒಂದು ತುಂಡಿಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು. ನಡೆಯಿರಿ, ಖಂಡಿತ ನಡೆಯಿರಿ, ಆದರೆ ಎರಡನೇ ತುಂಡಿಗೆ ಅದನ್ನು ನೆಪ ಮಾಡಬೇಡಿ.

7. ಅತ್ತೆ ಮತ್ತು ಹಬ್ಬ

"ಬಂದೋರಿಗೆ ಲೆಕ್ಕ ಹಾಕಿ ಕೊಡೋದೇನಮ್ಮಾ?" ಅಂತ ನಮ್ಮ ಅತ್ತೆ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಬಂದವರಿಗೆ ಒಳಗಿನಿಂದ ತಟ್ಟೆಯಲ್ಲಿ ತುಂಡು ತನ್ನಿ, ಇನ್ನೊಂದು ಬೇಕಾ ಅಂತ ಬಾಯಿತುಂಬ ಕೇಳಿ, ಬೇಕೆಂದರೆ ಕೊಡಿ. ಡಬ್ಬವನ್ನು ಮಾತ್ರ ಮುಂದೆ ತಂದಿಡಬೇಡಿ.

ಯುಗಾದಿಯ ದಿನ ಒಬ್ಬಟ್ಟು ಬಿಡಿ ಅಂತ ಹೇಳುವಷ್ಟು ಕಟುಕಿ ನಾನಲ್ಲ. ಒಬ್ಬಟ್ಟೋ ಪಾಯಸವೋ, ಒಂದನ್ನು ಆರಿಸಿಕೊಳ್ಳಿ. ನಾನು ಒಬ್ಬಟ್ಟಿನ ಪಕ್ಷ. ತುಪ್ಪವನ್ನು ಗಿಂಡಿಯಿಂದ ಸುರಿಯಬೇಡಿ, ಚಮಚದಲ್ಲಿ ಹಾಕಿ. ದೊಡ್ಡ ಚಮಚ ಒಂದಕ್ಕೆ 120 ಕ್ಯಾಲೊರಿ, ಅರ್ಧ ತುಂಡು ಕೇಕ್‌ಗಿಂತ ಜಾಸ್ತಿ. ಬೇರೆ ಮನೆಯಿಂದ ಬಂದ ಸ್ವೀಟ್ ಬಾಕ್ಸ್ ಬಿಚ್ಚಿದ ದಿನವೇ ಒಂದೊಂದು ತಿಂದು, ಉಳಿದದ್ದನ್ನು ಆಫೀಸಿಗೆ ಕಳಿಸಿ. ಅಲ್ಲಿ ಹತ್ತು ನಿಮಿಷ ಸಾಕು.

8. ತೂಕ ವಾರಕ್ಕೊಮ್ಮೆ

ಪ್ರತಿ ವಾರ ಅದೇ ದಿನ, ಬೆಳಿಗ್ಗೆ, ಕಾಫಿಗೆ ಮೊದಲು. ಹಬ್ಬದ ಮರುದಿನ ತೂಗಬೇಡಿ, ಉಪ್ಪು ಸಿಹಿ ಹಿಡಿದಿಟ್ಟ ನೀರೇ ಒಂದು ಕಿಲೋ ತೋರಿಸಬಹುದು.

ಇಷ್ಟೆಲ್ಲ ಮಾಡಿಯೂ ಒಂದು ಭಾನುವಾರ ಕೇಕ್ ಒಂದೇ ಸಲಕ್ಕೆ ಖಾಲಿಯಾಗುತ್ತದೆ. ಕ್ರಿಕೆಟ್ ಮ್ಯಾಚ್ ಇರುತ್ತದೆ, ಮಳೆ ಇರುತ್ತದೆ, ನೆಂಟರು ಇರುತ್ತಾರೆ. ಮರುದಿನ ಉಪವಾಸ ಬೇಡ. ಉಪವಾಸ ಮಾಡಿದವರು ಸಂಜೆ ಬೇಕರಿ ಮುಂದೆ ದಿಲ್‌ಪಸಂದ್ ಹಿಡಿದು ನಿಂತಿರುತ್ತಾರೆ, ನೋಡಿದ್ದೇನೆ. ಎಂದಿನಂತೆ ಇಡ್ಲಿ ತಿನ್ನಿ, ಟಿನ್ ತೊಳೆದು ಮೇಲಿನ ಶೆಲ್ಫಿಗೆ ಇಟ್ಟುಬಿಡಿ. ಇಳಿಸಬೇಕೆಂದರೆ ಸ್ಟೂಲ್ ಹತ್ತಬೇಕು, ಅಷ್ಟು ಎತ್ತರಕ್ಕೆ.