ಎನ್‌ಕ್ರಿಪ್ಶನ್‌ಗೆ ಕಾನೂನಿನ ಕಡಿವಾಣ ಬಿದ್ದರೆ ಏನೇನು ಪರೀಕ್ಷಿಸಬೇಕು

ಕೀಲಿಯಿಲ್ಲದವರು ಓದಲಾಗದಂತೆ ಸಂದೇಶವನ್ನು ಗೂಢವಾಗಿಸುವ ಪ್ರಬಲ ಎನ್‌ಕ್ರಿಪ್ಶನ್‌ನ ಗಣಿತ ಎಲ್ಲರಿಗೂ ಗೊತ್ತಾಗಿಹೋಗಿದೆ. ಅದನ್ನು ಯಾವ ಸರ್ಕಾರವೂ ಇನ್ನು ಬಚ್ಚಿಡಲಾರದು. 1990ರ ದಶಕದಲ್ಲಿ ಅಮೆರಿಕ ಅದನ್ನು ಶಸ್ತ್ರಾಸ್ತ್ರಗಳ ಪಟ್ಟಿಯಲ್ಲಿಟ್ಟು ರಫ್ತು ತಡೆದಿದ್ದಾಗ, ಪಿಜಿಪಿ ಎಂಬ ಎನ್‌ಕ್ರಿಪ್ಶನ್ ತಂತ್ರಾಂಶದ ಸೋರ್ಸ್ ಕೋಡ್ ಪುಸ್ತಕವಾಗಿ ಅಚ್ಚಾಗಿ ಗಡಿ ದಾಟಿತು. ಆದರೆ ಕಂಪನಿಗಳನ್ನು ಮಣಿಸುವುದು ಸಾಧ್ಯ. 2025ರ ಫೆಬ್ರವರಿಯಲ್ಲಿ ಆಪಲ್, ಬ್ರಿಟನ್ನಿನ ಹೊಸ ಬಳಕೆದಾರರಿಗೆ ಐಕ್ಲೌಡ್‌ನ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ (ಬ್ಯಾಕಪ್ಪನ್ನು ಬಳಕೆದಾರರಲ್ಲದೆ ಕಂಪನಿಯೂ ತೆರೆಯಲಾಗದಂತೆ ಮಾಡುವ ಸೌಲಭ್ಯ) ಕೊಡುವುದನ್ನು ನಿಲ್ಲಿಸಿತು. ಪೆಟ್ಟು ಬೀಳುವುದು ಇಂಥ ಕಡೆಯೇ.

ಹಾಗಾಗಿ ಮೊದಲು ಬ್ಯಾಕಪ್ ನೋಡಿ. ವಾಟ್ಸ್ಆಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಆನ್ ಮಾಡಿ. ಪಾಸ್‌ವರ್ಡ್ ಬದಲು 64 ಅಕ್ಷರಗಳ ಕೀಲಿ ಆರಿಸಿದರೆ ಕಾಗದದಲ್ಲಿ ಬರೆದಿಡಿ. ಕಳೆದರೆ ಕಂಪನಿಯೂ ಬ್ಯಾಕಪ್ ತೆರೆದುಕೊಡಲಾರದು. ಎದುರಿನವರ ಬ್ಯಾಕಪ್ ತೆರೆದಿದ್ದರೆ ನಿಮ್ಮ ಮಾತೂ ಅಲ್ಲೇ ಸಿಗುತ್ತದೆ, ಅವರಿಗೂ ಹೇಳಿ ಮಾಡಿಸಿ.

ಆಮೇಲೆ ಕೀಲಿ, ಅಂದರೆ ಸಂದೇಶಕ್ಕೆ ಬೀಗ ಹಾಕಲು, ತೆರೆಯಲು ಆಪ್ ಬಳಸುವ ಉದ್ದನೆಯ ಸಂಖ್ಯೆ. ನಿಮ್ಮ ಸ್ನೇಹಿತರ ಕೀಲಿ ಎಂದು ಸರ್ವರ್ ಬೇರೆಯವರದ್ದನ್ನು ಕೊಟ್ಟರೆ, ಎನ್‌ಕ್ರಿಪ್ಶನ್ ಎಷ್ಟು ಗಟ್ಟಿಯಿದ್ದರೂ ಸಂದೇಶ ಆ ಮೂರನೆಯವರಿಗೇ ತೆರೆದುಕೊಳ್ಳುತ್ತದೆ. ಸಿಗ್ನಲ್ ಎಂಬ ಸಂದೇಶ ಆಪ್‌ನಲ್ಲಿ ಚಾಟ್‌ನ ಮೇಲಿರುವ ಹೆಸರು ಒತ್ತಿ ಸೇಫ್ಟಿ ನಂಬರ್ (ಇಬ್ಬರ ಕೀಲಿಗಳಿಂದ ಹುಟ್ಟುವ, ಇಬ್ಬರ ಫೋನಿನಲ್ಲೂ ಒಂದೇ ಇರಬೇಕಾದ ಸಂಖ್ಯೆ) ತೆರೆಯಿರಿ: ಐದೈದರಂತೆ 12 ಗುಂಪು, ಒಟ್ಟು 60 ಅಂಕಿ. ಎದುರಿಗಿದ್ದರೆ ಕ್ಯೂಆರ್ ಸ್ಕ್ಯಾನ್ ಮಾಡಿ. ದೂರದಲ್ಲಿದ್ದರೆ ದನಿ ಗುರುತಿಸಿ, ಫೋನಿನಲ್ಲಿ ಓದಿ ಹೋಲಿಸಿ. ಅದೇ ಚಾಟ್‌ನಲ್ಲಿ ಕಳಿಸಿ ಹೋಲಿಸಿದರೆ ಪ್ರಯೋಜನವಿಲ್ಲ, ನಡುವೆ ಕುಳಿತವರು ಅಂಕಿಗಳನ್ನೇ ಬದಲಿಸಬಲ್ಲರು. ಹೊಸ ಫೋನ್ ಕೊಂಡಾಗ, ಆಪ್ ಮರುಸ್ಥಾಪಿಸಿದಾಗ ಈ ಸಂಖ್ಯೆ ಬದಲಾಗಬಹುದು. ಗಾಬರಿ ಬೇಡ, ಆದರೆ ಮತ್ತೆ ಹೋಲಿಸದೆ ಮುಂದುವರಿಯಬೇಡಿ. ನಿಮ್ಮ ಖಾತೆಗೆ ಜೋಡಿಸಿದ ಸಾಧನಗಳ ಪಟ್ಟಿಯಾದ ಲಿಂಕ್ಡ್ ಡಿವೈಸಸ್‌ನಲ್ಲಿ ಗುರುತಿಲ್ಲದ ಸಾಧನವಿದ್ದರೆ ತಕ್ಷಣ ತೆಗೆಯಿರಿ.

ಆಪ್ ಸ್ಟೋರ್‌ನಿಂದಲೇ ಆಪ್ ಮಾಯವಾಗುವ ಸಾಧ್ಯತೆಯಿದ್ದರೆ ಇಮೇಲ್, ಕಡತಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಮಾಡುವ ಗ್ನೂಪಿಜಿ ತಂತ್ರಾಂಶ ಕಲಿತಿಡಿ. ಅದು ಯಾವ ಕಂಪನಿಯ ಸರ್ವರನ್ನೂ ನಂಬಿಕೊಂಡಿಲ್ಲ. ಅದರಲ್ಲಿ ಕರ್ವ್ 25519 ಎಂಬ ಬಗೆಯ ಕೀಲಿ ಸೃಷ್ಟಿಸಿ, ಎರಡು ವರ್ಷದ ಅವಧಿ ಕೊಡಿ, ಕೀಲಿ ಇನ್ನು ನಂಬಬೇಡಿ ಎಂದು ಸಾರಲು ಬೇಕಾಗುವ ರದ್ದತಿ ಪ್ರಮಾಣಪತ್ರವನ್ನು ಬೇರೆ ಕಡೆ ಇಡಿ. ಬೇರೆಯವರ ಕೀಲಿ ಪಡೆದಾಗ ಹೋಲಿಸಬೇಕಾದ್ದು ಕೀಲಿಯ ಗುರುತಾದ 40 ಅಕ್ಷರಗಳ ಪೂರ್ಣ ಫಿಂಗರ್‌ಪ್ರಿಂಟ್; ಕೊನೆಯ 8 ಅಕ್ಷರ ಹೊಂದುವ ನಕಲಿ ಕೀಲಿ ತಯಾರಿಸುವುದು ಸುಲಭ. ಸಾಮಾನ್ಯವಾಗಿ ಇಮೇಲ್‌ನ ವಿಷಯದ ಸಾಲು ಎನ್‌ಕ್ರಿಪ್ಟ್ ಆಗುವುದಿಲ್ಲ, ಅಲ್ಲಿ ಗುಟ್ಟು ಬರೆಯಬೇಡಿ. ಸಂದೇಶ ತೆರೆಯಲು ನಿಮ್ಮ ಬಳಿ ಮಾತ್ರ ಇರುವ ಖಾಸಗಿ ಕೀಲಿ ಕಳುವಾದರೆ ಹಳೆಯ ಪತ್ರಗಳೆಲ್ಲ ತೆರೆದುಕೊಳ್ಳುತ್ತವೆ. ಸಿಗ್ನಲ್ ಸಂದೇಶಕ್ಕೆ ಸಂದೇಶಕ್ಕೆ ಕೀಲಿ ಬದಲಿಸುವುದರಿಂದ ದಿನನಿತ್ಯದ ಮಾತಿಗೆ ಅದೇ ಮೇಲು.

ಇನ್ನು ಕೀಲಿಯನ್ನು ನಿಮ್ಮಿಂದಲೇ ಕೇಳುವ ಕಾನೂನುಗಳೂ ಇವೆ. ಬ್ರಿಟನ್ನಿನ 2000ದ ಕಾಯ್ದೆಯಡಿ ಕೀಲಿ ಕೊಡಲು ನಿರಾಕರಿಸಿದವರಿಗೆ ಜೈಲಿದೆ. ಉಳಿಸಿಕೊಳ್ಳಬೇಕಿಲ್ಲದ ಮಾತುಕತೆಗೆ ಡಿಸ್‌ಅಪಿಯರಿಂಗ್ ಮೆಸೇಜಸ್ (ತಾನಾಗಿ ಅಳಿಯುವ ಸಂದೇಶ) ಅನ್ನು ಮೊದಲಿನಿಂದಲೇ ಒಂದು ವಾರಕ್ಕೆ ಹೊಂದಿಸಿ. ನೋಟಿಸ್ ಕೈಸೇರಿದ ಮೇಲೆ ಅಳಿಸಲು ಹೊರಟರೆ ಅದೇ ಸಾಕ್ಷ್ಯನಾಶದ ಅಪರಾಧವಾಗಬಹುದು.