ಸೆಲ್ಲು ಸತ್ತ ಕ್ಯಾಸೆಟ್ಟಿನಿಂದ ಜಾಝ್ ಕಛೇರಿ ವಾಪಸ್ ತಂದಿದ್ದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ರೆಕಾರ್ಡರಿನ ಸೆಲ್ಲು ಸೋತು ಕೆಟ್ಟುಹೋಗಿದ್ದ ಟೇಪಿನ ವೇಗ, ಶ್ರುತಿ ಸರಿಮಾಡೋ ಕೆಲಸ ಆಗಿದೆ. ಆಗಲ್ಲ ಅಂತ ನಾಲ್ಕೈದು ಜನ ಹೇಳಿದ್ದರು. ಅವರಲ್ಲಿ ಇಬ್ಬರು ಈಗ ತಮ್ಮ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ನನ್ನ ಮನೆಯಲ್ಲಿ ಇಟ್ಟು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮುಂಬಯಿಯಲ್ಲಿ ಜಾಝ್ ಯಾತ್ರಾ ಉತ್ಸವ ಶುರುವಾಗಿದ್ದು 1978ರಲ್ಲಿ. ಮೊದಲ ವರ್ಷವೇ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ ಬಂದಿದ್ದರು. ನಾನು ಹೋಗಿರಲಿಲ್ಲ, ಆ ಹೊಟ್ಟೆಯುರಿ ಇನ್ನೂ ಆರಿಲ್ಲ. 1980ರಲ್ಲಿ ನಮ್ಮ ಕದ್ರಿ ಗೋಪಾಲನಾಥರು ಮುಂಬಯಿಯ ಜಾಝ್ ಉತ್ಸವದಲ್ಲಿ ನುಡಿಸಿದಾಗ ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ ತಾನೂ ವೇದಿಕೆ ಹತ್ತಿ ಜೊತೆಗೂಡಿದರಂತೆ. ಅದೂ ತಪ್ಪಿತು. ಆಮೇಲಿನ ಒಂದು ಯಾತ್ರೆಗೆ ಮಾತ್ರ ರಜೆ ಹಾಕಿ ಹೋದೆ. ರಂಗ್ ಭವನದ ಬಯಲು ವೇದಿಕೆ, ಕಲ್ಲಿನ ಮೆಟ್ಟಿಲು, ತೊಡೆ ಮೇಲೆ ಭಾವನಿಂದ ಕಡ ತಂದ ಪುಟ್ಟ ಕ್ಯಾಸೆಟ್ ರೆಕಾರ್ಡರ್. ಟೆನರ್ ಸ್ಯಾಕ್ಸ್, ವೈಬ್ರಾಫೋನ್ (ಲೋಹದ ಪಟ್ಟಿ ಬಡಿದು ನುಡಿಸೋ ವಾದ್ಯ), ಗಿಟಾರ್, ಬೇಸ್, ಡ್ರಮ್ಸ್ ಇದ್ದ ತಂಡ. ಯಾರು ಅಂತ ಬರೆಯಲ್ಲ. ಅನುಮತಿ ಕೇಳದೆ ಮಾಡಿದ ರೆಕಾರ್ಡಿಂಗ್, ಇಷ್ಟು ವರ್ಷದ ಮೇಲೆ ಯಾಕೆ ಸುಮ್ನೆ.

ರೆಕಾರ್ಡರಿಗೆ ನಾಲ್ಕು ಪೆನ್ ಸೆಲ್ಲು. ಕ್ಯಾಸೆಟ್ಟಿನ ಎರಡನೇ ಮಗ್ಗುಲಿನ ಅರ್ಧಕ್ಕೆ ಅವು ಸೋಲತೊಡಗಿದವು. ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ರೆಕಾರ್ಡ್ ಆಗುವಾಗ ಟೇಪು ನಿಧಾನ ಓಡಿದರೆ, ಕೇಳುವಾಗ ಎಲ್ಲ ಓಡುತ್ತದೆ, ಶ್ರುತಿ ಏರುತ್ತದೆ. ಕೊನೇ ಟ್ಯೂನಿನ ಕೊನೆಯಲ್ಲಿ ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ ದಾಟಿ ಇನ್ನೂ ಮೇಲೆ ಹೋಗಿತ್ತು. ಟೆನರ್ ಸ್ಯಾಕ್ಸು ಅದಕ್ಕಿಂತ ಮೇಲಿನ ಧ್ವನಿಯ ಆಲ್ಟೋ ಸ್ಯಾಕ್ಸಿನ ಕಡೆ ವಾಲಿತ್ತು.

ಆದರೂ ಕಾಪಿ ಮೇಲೆ ಕಾಪಿ ಮಾಡಿ ಹಂಚಿದೆ. ಬೆಂಗಳೂರಿನ ನಮ್ಮ ಚಿಕ್ಕ ಗುಂಪಿನಲ್ಲಿ ಎಲ್ಲರ ಹತ್ತಿರವೂ ಆ ಟೇಪು ಇತ್ತು. 'ಏನ್ ಸ್ಪೀಡು, ಏನ್ ಬೆಂಕಿ' ಅಂತ ಎಲ್ಲರೂ ಹೇಳುತ್ತಿದ್ದ ಬೆಂಕಿ ಇದೇ. ಬರಬರುತ್ತಾ ನನಗೂ ಅಲ್ಲಿ ಕೇಳಿದ್ದು ಹಾಗೇ ಇತ್ತು ಅಂತ ನಂಬಿಕೆ ಬಂದುಬಿಟ್ಟಿತು.

ಮೊದಲು ಕಳೆದ ದುಡ್ಡಿನ ವಿಷಯ. ಒಂದು ಸ್ಟುಡಿಯೋಗೆ ಕೊಟ್ಟೆ, ಹೆಸರು ಬೇಡ. ಒಂದೇ ಕ್ಯಾಸೆಟ್ಟಿಗೆ ಮೂರೂವರೆ ಸಾವಿರವೋ ನಾಲ್ಕೋ ತೊಗೊಂಡರು. ಬಂದ ಫೈಲು ತೊಳೆದಿಟ್ಟ ಹಾಗಿತ್ತು. ಟೇಪಿನ ಸುಯ್ ಅನ್ನೋ ಹಿಸ್ ಇಲ್ಲ, ಕರೆಂಟಿನ ಗುಂಯ್ ಅನ್ನೋ ಹಮ್ ಇಲ್ಲ, ಡ್ರಮ್ಸಿನ ಕಂಚಿನ ತಟ್ಟೆ ರೈಡ್ ಸಿಂಬಲ್ಲಿನ ಅರ್ಧ ಜೀವವೂ ಇಲ್ಲ. ಶ್ರುತಿ ಮಾತ್ರ ಇದ್ದ ಹಾಗೇ ಏರಿತ್ತು. ಕೇಳಿದರೆ, 'ಸರ್, ಪಿಚ್ ಕರೆಕ್ಷನ್ ಬೇರೆ ಚಾರ್ಜು' ಅಂದರು. ಅದನ್ನೂ ಮಾಡಿಸಿದೆ. ಅವರು ಮಾಡಿದ್ದು ವೇಗ ಬಿಟ್ಟು ಶ್ರುತಿ ಮಾತ್ರ ಇಳಿಸೋ ಕೆಲಸ. ಸಿಂಬಲ್ಲು ನೀರಿನೊಳಗಿಂದ ಕೇಳಿದ ಹಾಗಾಯಿತು. ಟೇಪಿನ ತಪ್ಪಿಗೆ ಆ ಔಷಧ ಅಲ್ಲವೇ ಅಲ್ಲ. ವೇಗ, ಶ್ರುತಿ ಎರಡೂ ಒಟ್ಟಿಗೆ ಏರಿವೆ, ಎರಡೂ ಒಟ್ಟಿಗೇ ಇಳಿಯಬೇಕು.

ಆಮೇಲೆ ಮನೆಯಲ್ಲೇ ಶುರುಮಾಡಿದೆ. ಹಳೇ ಕ್ಯಾಸೆಟ್ ಡೆಕ್ಕಿಗೆ ಸುಮಾರು ಹನ್ನೊಂದು ಸಾವಿರ, ಬೆಲ್ಟು ಬದಲಾಯಿಸಿ ಹೆಡ್ ಸರಿಮಾಡಿಸಲು ಇನ್ನೊಂದೆರಡು ಸಾವಿರ, ಕಂಪ್ಯೂಟರಿಗೆ ಸೇರಿಸೋ ಪೆಟ್ಟಿಗೆಗೆ ಏಳೋ ಎಂಟೋ. ಸ್ಟುಡಿಯೋ ದುಡ್ಡೂ ಸೇರಿಸಿದರೆ ಇಪ್ಪತ್ತೈದು ಸಾವಿರದ ಹತ್ತಿರ. 'ಒಂದು ಕ್ಯಾಸೆಟ್ಟಿಗಾ?' ಅಂತ ಮನೆಯವರು ಕೇಳಿದ್ದಕ್ಕೆ ಆಗ ಉತ್ತರ ಇರಲಿಲ್ಲ.

ಟೇಪನ್ನು ಹೆಡ್ಡಿಗೆ ಒತ್ತೋ ಪ್ರೆಶರ್ ಪ್ಯಾಡು ಉದುರಿದ್ದು, ಶೆಲ್ (ಕ್ಯಾಸೆಟ್ಟಿನ ಹೊರಡಬ್ಬಿ) ಬದಲಾಯಿಸಿದ್ದು, ಅಜಿಮತ್ (ಹೆಡ್ಡಿನ ಓರೆ) ತಿರುಗಿಸಿದ್ದು, ಇವೆಲ್ಲ ನೀವೂ ಮಾಡಿರುತ್ತೀರಿ, ಬಿಡಿ. ಕಷ್ಟ ಶುರುವಾಗಿದ್ದು ಆಮೇಲೆ.

ಮೊದಲ ಪ್ರಯತ್ನ ಕಿವಿ ನಂಬಿ. ಹತ್ತು ಹತ್ತು ಸೆಕೆಂಡಿನ ತುಂಡು ಮಾಡಿ, ಕೀಬೋರ್ಡ್ ಪಕ್ಕದಲ್ಲಿಟ್ಟು ಹೊಂದಿಸಿದೆ. ಎರಡು ವಾರ ಹೋಯಿತು, ಫಲ ಸೊನ್ನೆ. ಡಬಲ್ ಬೇಸಿಗೆ ಮನೆಗಳಿಲ್ಲ, ಬೆರಳು ಇಟ್ಟಲ್ಲಿ ಸ್ವರ. ಟೆನರಿನವರು ಜೋರಾದಾಗ ಬೇಕಂತಲೇ ಚೂರು ಮೇಲೆ ನುಡಿಸುತ್ತಾರೆ. ಟೇಪಿನ ತಪ್ಪು ಯಾವುದು, ಕಲಾವಿದರ ಮನಸ್ಸು ಯಾವುದು ಅಂತ ಬೇರೆ ಮಾಡೋಕೆ ಆಗಲಿಲ್ಲ.

ಎರಡನೇದು, ಶುರುವಿನಿಂದ ಕೊನೆವರೆಗೆ ನೇರ ಇಳಿಜಾರು ಹಾಕೋದು. ಗುಂಪಿನಲ್ಲಿ ಎಲ್ಲ ಬಲ್ಲವರೊಬ್ಬರು ಹೇಳಿಕೊಟ್ಟ ಉಪಾಯ. ಇದೂ ಕೂರಲಿಲ್ಲ. ಸೆಲ್ಲು ನೇರ ಗೆರೆಯಲ್ಲಿ ಸಾಯಲ್ಲ. ಬಹಳ ಹೊತ್ತು ಮೋಟಾರು ಒಂದೇ ವೇಗ ಹಿಡಿದಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಜಾರುತ್ತದೆ. ಇನ್ನೊಂದು ತಮಾಷೆ ನೋಡಿ. ಟ್ಯೂನುಗಳ ನಡುವೆ ನಿರೂಪಕರು ಮಾತಾಡುವಾಗ ನಾನು ಟೇಪು ನಿಲ್ಲಿಸುತ್ತಿದ್ದೆ. ಅಷ್ಟು ಹೊತ್ತಿಗೆ ಸೆಲ್ಲು ಸುಧಾರಿಸಿಕೊಳ್ಳುತ್ತಿತ್ತು. ಹಾಗಾಗಿ ಮುಂದಿನ ಟ್ಯೂನಿನ ಮೊದಲ ಅರ್ಧ ನಿಮಿಷ ಸರಿಯಾದ ವೇಗದ ಹತ್ತಿರ ಬಂದು, ಮತ್ತೆ ಜಾರುತ್ತಿತ್ತು. ಗ್ರಾಫಿನಲ್ಲಿ ಅದನ್ನು ಆಮೇಲೆ ಕಣ್ಣಾರೆ ನೋಡಿದೆ.

ದಾರಿ ತೋರಿಸಿದ್ದು ಗಿಟಾರ್ ಆಂಪ್ಲಿಫೈಯರ್. ಟ್ಯೂನು ಮುಗಿದು ಚಪ್ಪಾಳೆ ತಣ್ಣಗಾದ ಮೇಲೆ ಅದರ 'ಗುಂಯ್' ಕೇಳುತ್ತದೆ. ನನ್ನ ರೆಕಾರ್ಡರ್ ಸೆಲ್ಲಿನದಾದರೂ ವೇದಿಕೆಯ ಆಂಪ್ಲಿಫೈಯರ್ ಓಡುತ್ತಿದ್ದುದು ಕರೆಂಟಿನಲ್ಲಿ ಅಲ್ವಾ? ಕರೆಂಟು 50 ಹರ್ಟ್ಜ್. ಆ ಗುಂಯ್ 50ರಲ್ಲಿ, 100ರಲ್ಲಿ, ಹೀಗೆ ಮೇಲಕ್ಕೂ ಇರಲೇಬೇಕು. ಟೇಪು ಎಷ್ಟು ಓಡಿದೆಯೋ ಅಷ್ಟೇ ಅದೂ ಮೇಲೇರಿರಬೇಕು.

ಗುಂಪಿನಲ್ಲಿ ಹೇಳಿದೆ. ನಕ್ಕರು. ವಿದ್ಯುತ್ ಮಂಡಳಿಯಿಂದ ನಿವೃತ್ತರಾದ ಹಿರಿಯರೊಬ್ಬರು, 'ರೀ, ಆ ಕಾಲದ ಕರೆಂಟಿಗೆ 50 ಅಂತ ನೇಮ ಎಲ್ಲಿತ್ರೀ? 48ಕ್ಕೂ ಇಳಿತಿತ್ತು, 51ಕ್ಕೂ ಏರ್ತಿತ್ತು' ಅಂದರು. ಮಾತು ಸರಿ. ಗ್ರಿಡ್ಡನ್ನು 50ರ ಹತ್ತಿರ ಕಟ್ಟಿಹಾಕಿದ್ದು 2000ದ ನಂತರ. ಬರೀ ಹಮ್ ನಂಬಿದರೆ ಅರ್ಧ ಮನೆಗಿಂತ ಜಾಸ್ತಿಯೇ ತಪ್ಪಬಹುದು.

ಆದರೆ ಗ್ರಿಡ್ ಬದಲಾಗೋದು ನಿಧಾನವಾಗಿ, ನಿಮಿಷಗಟ್ಟಲೆ ತೊಗೊಂಡು. ಸೆಲ್ಲಿನ ಜಾರಿಕೆ ಅದಕ್ಕಿಂತ ಬಹಳ ದೊಡ್ಡದು. ಏರಿಳಿತವನ್ನು ಹಮ್ಮಿನಿಂದ ಹಿಡಿಯೋದು, ಒಟ್ಟು ಎತ್ತರವನ್ನು ಬೇರೆ ಗೂಟಕ್ಕೆ ಕಟ್ಟೋದು, ಇದು ನನ್ನ ಲೆಕ್ಕ. ಗೂಟ ವೈಬ್ರಾಫೋನ್. ಅದು ಲೋಹದ ಪಟ್ಟಿ, ವೇದಿಕೆಯಲ್ಲಿ ಯಾರೂ ಶ್ರುತಿ ತಿರುಗಿಸೋಕೆ ಆಗಲ್ಲ. ಅದರ 'ಎ' ಸ್ವರ ಸಾಮಾನ್ಯವಾಗಿ 440 ಅಥವಾ 442 ಹರ್ಟ್ಜ್. ಎರಡರ ನಡುವಿನ ಅಂತರ ಅರ್ಧ ಶೇಕಡಾ ಕೂಡ ಇಲ್ಲ. ಅದೃಷ್ಟಕ್ಕೆ ವೈಬ್ಸಿನ (ವೈಬ್ರಾಫೋನಿನ) ಸೋಲೋ ಎರಡನೇ ಮಗ್ಗುಲಿನ ಶುರುವಲ್ಲೂ ಇತ್ತು, ಕೊನೇ ಟ್ಯೂನಿನಲ್ಲೂ ಇತ್ತು.

ಸ್ಟುಡಿಯೋದವರ ಫೈಲಿನಲ್ಲಿ ಹಮ್ ತೊಳೆದುಹೋಗಿತ್ತು, ಹಾಗಾಗಿ ಕ್ಯಾಸೆಟ್ಟನ್ನು ಮತ್ತೆ ನಾನೇ ಓಡಿಸಿದೆ. ಆಡಾಸಿಟಿ ಅನ್ನೋ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸ್ವರಗಳನ್ನು ಗೆರೆಗಳಾಗಿ ತೋರಿಸೋ ಗ್ರಾಫು, ತೆರೆದು, ವಿಂಡೋ ಅಳತೆ 32768ಕ್ಕೆ ಇಟ್ಟೆ. 50ರಲ್ಲಿ, 100ರಲ್ಲಿ ಹುಡುಕಬೇಡಿ, ಅಲ್ಲಿ ಬೇಸ್ ಕೂತಿರುತ್ತದೆ. ನಾನು ಹಿಡಿದದ್ದು 600, 50ರ ಹನ್ನೆರಡು ಪಟ್ಟು. ಅಲ್ಲಿ ಗ್ರಾಫಿನ ಒಂದು ಹೆಜ್ಜೆ ತಪ್ಪಿದರೂ ಕಿವಿಗೆ ಗೊತ್ತಾಗಲ್ಲ. ಸಂಗೀತದ ಗೆರೆಗಳು ಹಾರಾಡುತ್ತವೆ, ಹಮ್ಮಿನ ಗೆರೆ ಕೂದಲೆಳೆ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಮಗ್ಗುಲಿನ ಶುರುವಲ್ಲಿ ಅದು 600ರ ಹತ್ತಿರ, ಮಧ್ಯದಲ್ಲಿ 610, 615, ಕೊನೆಯಲ್ಲಿ 648ರ ಸುಮಾರು.

ಆಮೇಲೆ ಟೈಮ್ ಟ್ರ್ಯಾಕ್, ಅಂದರೆ ಬೇಕಾದ ಕಡೆ ಬೇಕಾದಷ್ಟು ವೇಗ ಏರಿಳಿಸೋ ಗೆರೆ. ಅರ್ಧ ನಿಮಿಷಕ್ಕೊಂದು ಗುಂಡಿ, ಜಾರುವ ಕಡೆ ಐದು ಸೆಕೆಂಡಿಗೊಂದು. ಒಂದು ಮಾತು: 648 ಅಂದರೆ ನೂರಕ್ಕೆ ಎಂಟು ಜಾಸ್ತಿ. ಹಾಗಂತ 92 ಅಂತ ಹಾಕಬಾರದು. 600ನ್ನು 648ರಿಂದ ಭಾಗಿಸಿ, 92.6 ಬರುತ್ತದೆ. ಆ ಚಿಲ್ಲರೆಯೇ ವೈಬ್ಸಿನಲ್ಲಿ ಕೇಳಿಸೋದು. ಬೇಸ್, ಡ್ರಮ್ಸ್ ಜೋರಾಗಿ ಗೆರೆ ಮುಚ್ಚಿಹೋದ ಕಡೆ ಅದನ್ನು ಹೊರಗೆ ತೆಗೆಯೋಕೆ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇಷ್ಟು ದುಡ್ಡು ಹಾಕಿದ್ದೇನೆ, ಅಷ್ಟು ಹಕ್ಕಿಲ್ವಾ?

ಏರಿಳಿತವೆಲ್ಲ ಸರಿಯಾದ ಮೇಲೂ ವೈಬ್ಸು ಒಂದು ಎಳೆ ಮೇಲೆಯೇ ಉಳಿದಿತ್ತು. ಆ ಉಳಿಕೆಯಿಂದ ಲೆಕ್ಕ ಹಾಕಿದರೆ ಆ ರಾತ್ರಿ ಕರೆಂಟು 49ರ ಮೇಲೆ ಸ್ವಲ್ಪ ಇತ್ತು ಅಂತ ಬಂತು. ವಿದ್ಯುತ್ ಮಂಡಳಿಯ ಹಿರಿಯರಿಗೆ ತೋರಿಸಿದೆ. ಅರ್ಧ ಗಂಟೆ ಕಾಗದ ನೋಡಿ, 'ಇರಬಹುದು ಕಣ್ರೀ' ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಇನ್ನೂ ಗಟ್ಟಿ ಸಾಕ್ಷಿ ಬೇಕಿತ್ತು. ಅದೇ ಕಛೇರಿಗೆ ಬಂದಿದ್ದ ಮಂಗಳೂರಿನ ಗೆಳೆಯನೂ ಬಹಳ ಹಿಂದೆ ಕೂತು ಎರಡು ಟ್ಯೂನ್ ಹಿಡಿದಿದ್ದ, ಹೊಸ ಸೆಲ್ಲಿನಲ್ಲಿ. ಅವನ ಟೇಪಿನಲ್ಲಿ ಸಂಗೀತಕ್ಕಿಂತ ಪಕ್ಕದವರ ಮಾತೇ ಜಾಸ್ತಿ, ಆದರೆ ವೇಗ ಮೊದಲಿಂದ ಕೊನೆವರೆಗೂ ಒಂದೇ ಸಮ. ಎರಡನ್ನೂ ಮೇಲೆ ಕೆಳಗೆ ಇಟ್ಟು ಓಡಿಸಿದೆ. ಹತ್ತು ನಿಮಿಷ ದಾಟಿದ ಟ್ಯೂನಿನಲ್ಲಿ ಒಂದು ಸ್ನೇರ್ ಏಟಿನಷ್ಟೂ ದೂರ ಹೋಗಲಿಲ್ಲ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬಂತು.

ಅಲ್ಲಿಗೆ ಬಿಡಬಹುದಿತ್ತು. ಎರಡು ಟೇಪು ಇವೆಯಲ್ಲ, ಸ್ಟೀರಿಯೋ ಮಾಡೋಣ ಅನ್ನೋ ಹುಚ್ಚು ಹತ್ತಿತು. ಇದಕ್ಕೆ ದೊಡ್ಡವರ ಉದಾಹರಣೆ ಇದೆ. 1956ರ ನ್ಯೂಪೋರ್ಟ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ತಂಡದ ಪಾಲ್ ಗೊನ್ಸಾಲ್ವೆಸ್ 27 ಕೋರಸ್ (ಟ್ಯೂನಿನ ಪೂರ್ತಿ ಸುತ್ತು) ನುಡಿಸಿದ್ದು ರೆಕಾರ್ಡ್ ಕಂಪನಿ ಕೊಲಂಬಿಯಾದವರ ಮೈಕಿಗಲ್ಲ, ವಾಯ್ಸ್ ಆಫ್ ಅಮೆರಿಕಾ ರೇಡಿಯೋದ ಮೈಕಿಗೆ. 1999ರ ಮರುಮುದ್ರಣದಲ್ಲಿ ಆ ಎರಡೂ ಮೋನೋ ಟೇಪುಗಳನ್ನು ಹೊಂದಿಸಿ ಸ್ಟೀರಿಯೋ ಮಾಡಿದರು. ಗೊನ್ಸಾಲ್ವೆಸ್ ಮೊದಲ ಸಲ ಹತ್ತಿರ ಬಂದು ನಿಂತ. ನನ್ನದರಲ್ಲಿ ಅದು ಆಗಲಿಲ್ಲ. ಅವರ ಮೈಕುಗಳೆರಡೂ ವೇದಿಕೆಯಲ್ಲಿದ್ದವು. ನಮ್ಮದರಲ್ಲಿ ಒಂದು ಮುಂದೆ, ಒಂದು ಹಿಂದಿನ ಗೋಡೆ ಹತ್ತಿರ. ಸ್ಯಾಕ್ಸು ಬಲಕ್ಕೂ ಎಡಕ್ಕೂ ಓಡಾಡಿ ತಲೆನೋವು ಬಂತು. ಅಳಿಸಿ ಹಾಕಿದೆ.

ಮೈಲ್ಸ್ ಡೇವಿಸನ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಮೇಲೂ ಕೈಯಾಡಿಸಿದೆ. ನನ್ನದು ಹಳೇ ಎಲ್.ಪಿ. 1959ರ ಮಾರ್ಚ್ 2ರಂದು ಮಾಸ್ಟರ್ ಟೇಪಿನ ಯಂತ್ರ ಚೂರು ನಿಧಾನ ಓಡಿತ್ತು, ಹಾಗಾಗಿ ಮೊದಲ ಮಗ್ಗುಲಿನ ಮೂರೂ ಟ್ಯೂನು ದಶಕಗಳ ಕಾಲ ಶ್ರುತಿ ಏರಿಕೊಂಡೇ ಕೇಳಿಸಿದವು. ಸರಿಮಾಡಿದ್ದು 1992ರ ಮರುಮುದ್ರಣದಲ್ಲಿ. ಏಪ್ರಿಲ್‌ನಲ್ಲಿ ನುಡಿಸಿದ ಎರಡನೇ ಮಗ್ಗುಲಿಗೆ ಈ ತೊಂದರೆ ಇಲ್ಲ. ಪ್ಲೇಯರಿನ ಪಿಚ್ ಗುಂಡಿಯನ್ನು ಶೇಕಡಾ ಒಂದು ಚಿಲ್ಲರೆ ಇಳಿಸಿದರೆ ಸಾಕು. ಮೈಲ್ಸ್ ಡೇವಿಸನ ತುತ್ತೂರಿ ಒಂದು ಹೆಜ್ಜೆ ಹಿಂದೆ ನಿಂತು ಉಸಿರಾಡಿದ ಹಾಗೆ ಕೇಳುತ್ತದೆ. ಕೊಲಂಬಿಯಾದಂಥ ಕಂಪನಿಗೇ ಹೀಗಾಗಿದ್ದರೆ ಭಾವನ ರೆಕಾರ್ಡರನ್ನು ಯಾಕೆ ಬಯ್ಯಬೇಕು.

ಪಿಯಾನೋದ ಬಿಲ್ ಇವಾನ್ಸ್ ಮತ್ತು ಇನ್ನಿಬ್ಬರ ತಂಡ ನ್ಯೂಯಾರ್ಕಿನ ವಿಲೇಜ್ ವ್ಯಾನ್ಗಾರ್ಡ್ ಕ್ಲಬ್ಬಿನಲ್ಲಿ ಮಾಡಿದ ರೆಕಾರ್ಡಿಂಗ್ ನನಗೆ ಎಲ್ಲಕ್ಕಿಂತ ಇಷ್ಟ. 1961ರ ಜೂನ್ 25, ಭಾನುವಾರ. ಮೊದಲ ಟ್ಯೂನಿನ ನಡುವೆಯೇ ಕರೆಂಟು ಕೈಕೊಟ್ಟು ಟೇಪು ತಡವರಿಸುತ್ತದೆ. ನ್ಯೂಯಾರ್ಕಿನಲ್ಲೂ ಹೀಗೆ! ಅದನ್ನು ಸರಿಮಾಡೋ ಆಸೆ ನನಗಿಲ್ಲ. ಹನ್ನೊಂದು ದಿನಕ್ಕೆ ಬೇಸ್‌ನ ಸ್ಕಾಟ್ ಲಾಫಾರೋ ಕಾರು ಅಪಘಾತದಲ್ಲಿ ತೀರಿಕೊಂಡ. ಆ ಟೇಪು ಹಾಗೇ ಇರಲಿ.

ನನ್ನ ಟೇಪಿಗೆ ವಾಪಸ್ ಬರುತ್ತೇನೆ. ಕೊನೇ ಟ್ಯೂನು ನಿಮಿಷಕ್ಕೆ 216 ಏಟು ಅಂತ ಇಷ್ಟು ವರ್ಷ ಕೇಳಿದ್ದು ಈಗ 200ರ ಹತ್ತಿರ ಬಂದು ನಿಂತಿದೆ. ಡ್ರಮ್ಮರು ಓಡುತ್ತಿರಲೇ ಇಲ್ಲ, ಬೀಟಿನ ಹಿಂದೆ ಒರಗಿ ಕೂತಿದ್ದ. ಟೆನರಿನದು ಚೂಪು ಧ್ವನಿ ಅಂದುಕೊಂಡಿದ್ದೆ, ದಪ್ಪ ಧ್ವನಿ ಅದು, ಮರದ ಹಾಗೆ. ಕೇಳುತ್ತಿದ್ದ ಹಾಗೆ ನಾನು ಮರೆತೇಬಿಟ್ಟಿದ್ದ ಒಂದು ವಿಷಯ ನೆನಪಿಗೆ ಬಂತು. ಆ ಟ್ಯೂನಿಗೆ ಮುಂದಿನ ಸಾಲಿನವರು ಕುಣಿಯುತ್ತಿರಲಿಲ್ಲ, ತಲೆದೂಗುತ್ತಿದ್ದರು. ಟೇಪು ನನ್ನ ತಲೆಯಲ್ಲಿ ಅವರನ್ನು ಕುಣಿಸಿತ್ತು.

ಎಲ್ಲರಿಗೂ ಇದು ಇಷ್ಟವಾಗಿಲ್ಲ. ಮಂಗಳೂರಿನವನು ಫೋನು ಮಾಡಿ, 'ಅಯ್ಯೋ ಮಾರಾಯ, ಅದರ ಗಮ್ಮತ್ತೇ ಹೋಯ್ತಲ್ಲ' ಅಂದ. ಅವನದೇ ಟೇಪು ನನ್ನ ಪರ ಸಾಕ್ಷಿ ಹೇಳುತ್ತದೆ ಅಂದೆ. 'ನನ್ನದು ಯಾರು ಕೇಳ್ತಾರೆ, ಕೇಳಿದ್ದೆಲ್ಲ ನಿನ್ನದೇ ಅಲ್ವಾ' ಅಂದ. ಹಳೇ ಕಾಪಿ ಎಸೆಯಲ್ಲವಂತೆ. ಇಟ್ಟುಕೊಳ್ಳಲಿ.

ಈಗ ಮೇಜಿನ ಮೇಲೆ ಇರೋದು ಕದ್ರಿಯವರ ಒಂದು ಹಳೇ ಕಛೇರಿಯ ಕ್ಯಾಸೆಟ್ಟು. ಇದರಲ್ಲಿ ಕೆಲಸ ಸುಲಭ ಅಂದುಕೊಂಡಿದ್ದೆ. ಹಮ್ ಬೇಕಾಗಿಯೇ ಇಲ್ಲ, ಹಿಂದೆ ಬಿಡದೆ ನುಡಿಯೋ ಶ್ರುತಿ ಇದೆಯಲ್ಲ. ಗ್ರಾಫಿನಲ್ಲಿ ಅದು ಸ್ಕೇಲು ಇಟ್ಟು ಎಳೆದ ಗೆರೆ. ಜಾಝಿನವರಿಗೆ ಈ ಸೌಲಭ್ಯ ಇಲ್ಲ ನೋಡಿ. ಆದರೆ ಅರ್ಧದಲ್ಲಿ ಕರೆಂಟು ಹೋಗಿ ಜನರೇಟರ್ ಹಾಕಿದ್ದಾರೆ. ಅದರ ಹಮ್ಮಿನ ಗೆರೆ 50ರ ಹತ್ತಿರವೂ ಇಲ್ಲ, ಕುಡಿದವನ ಹಾಗೆ ಓಲಾಡುತ್ತಿದೆ, ಜೊತೆಗೆ ಶ್ರುತಿಯನ್ನೂ ಮುಚ್ಚುತ್ತಿದೆ. ಇದರ ಮಾಲೀಕರು ಹಮ್ ತೆಗೆಸಿದ ಫೈಲನ್ನೂ ತಂದಿದ್ದರು. ವಾಪಸ್ ಕಳಿಸಿದೆ, ಮೂಲ ಕ್ಯಾಸೆಟ್ಟೇ ಬೇಕು ಅಂದೆ. ನಿಮ್ಮ ಹತ್ತಿರ ಇಂಥವು ಇದ್ದರೂ ಯಾರಿಗಾದರೂ ಕೊಡುವಾಗ ಹಮ್ ಮುಟ್ಟಬೇಡಿ ಅಂತ ಚೀಟಿ ಅಂಟಿಸಿ ಕೊಡಿ. ನಾನು ದುಡ್ಡು ತೊಗೋತಿಲ್ಲ. ಪ್ಯಾಡು ಸರಿಯಿರೋ, ಸ್ಕ್ರೂ ಹಾಕಿದ ಖಾಲಿ ಶೆಲ್ಲುಗಳು ಇದ್ದರೆ ಸಾಕು, ನನ್ನ ಹತ್ತಿರ ಮುಗಿದಿವೆ.