ಎರಡು ಕಪ್ಪು ಕಲ್ಲುಗಳ ಕುಲಗೋತ್ರ

ಉಡುಪಿಯ ಹೆಸರಿನಲ್ಲಿ ಒಂದು ಉಲ್ಕಾಶಿಲೆ ಇದೆ ಎಂದರೆ ನಮ್ಮ ಜಿಲ್ಲೆಯವರೇ ನಂಬುವುದಿಲ್ಲ. 1866ರಲ್ಲಿ ಬಿದ್ದದ್ದು, ಎಚ್5 ವರ್ಗದ ಸಾಮಾನ್ಯ ಕಾಂಡ್ರೈಟ್, ಅಂದರೆ ಕಾಂಡ್ರೂಲ್ ಎಂಬ ಸಣ್ಣ ಗುಂಡು ಕಣಗಳಿರುವ ಉಲ್ಕಾಶಿಲೆ. ಅಂಥ ಕಲ್ಲನ್ನು ಗುರುತಿಸುವುದು ಕಷ್ಟವಲ್ಲ. ಆಯಸ್ಕಾಂತಕ್ಕೆ ಅಂಟುತ್ತದೆ, ಒಂದು ಬದಿ ಉಜ್ಜಿದರೆ ಕಬ್ಬಿಣದ ಚುಕ್ಕೆಗಳು ಹೊಳೆಯುತ್ತವೆ. ತಲೆ ತಿನ್ನುವುದು ಇಂಗಾಲ ತುಂಬಿದ ಕಪ್ಪು ಕಲ್ಲುಗಳು.

ನಾನು ಮಂಗಳೂರಿನಲ್ಲಿ ಭೂವಿಜ್ಞಾನದ ಅಧ್ಯಾಪಕ. ಕಪ್ಪು ಕಲ್ಲು ಕಂಡವರು ಸೀದಾ ನನ್ನ ಬಳಿ ಬರುತ್ತಾರೆ. ಹೆಚ್ಚಿನವು ಬಂದರಿನ ದಾರಿಯಲ್ಲಿ ಲಾರಿಯಿಂದ ಉದುರಿದ ಕಲ್ಲಿದ್ದಲು, ಇಲ್ಲವೇ ಫೌಂಡ್ರಿಯ ಕಿಟ್ಟ. "ಮಾಸ್ಟ್ರೇ, ಇದು ಆಕಾಶದ್ದೇ" ಎಂದು ವಾದಿಸುವವರಿಗೆ ಚಹಾ ಕೊಟ್ಟು ಕಳುಹಿಸುತ್ತೇನೆ. ಆದರೆ ವಿದೇಶದ ಸಹೋದ್ಯೋಗಿಯೊಬ್ಬರು ಅಧ್ಯಯನಕ್ಕೆಂದು ಕೊಟ್ಟ ಎರಡು ಚೂರುಗಳ ಮಾತೇ ಬೇರೆ. ಎರಡೂ ವಾಯವ್ಯ ಆಫ್ರಿಕಾದ ಮರುಭೂಮಿಯಲ್ಲಿ ಸಿಕ್ಕವು, ಎರಡೂ ಇದ್ದಿಲಿನಷ್ಟು ಕಪ್ಪು. ಇಂಗಾಲ ಎರಡರಲ್ಲೂ ಶೇಕಡಾ 2ರಿಂದ 3ರ ನಡುವೆ ಎಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು. ಒಂದೇ ಮನೆತನದವೇ ಎಂಬುದು ಪ್ರಶ್ನೆ.

ಆ ಚೀಟಿಯ ಅಂಕಿಯನ್ನು ನಾನು ಮೊದಲೇ ಬದಿಗಿಟ್ಟೆ. ಮರುಭೂಮಿಯಲ್ಲಿ ಬಿದ್ದ ಕಲ್ಲಿನ ಬಿರುಕುಗಳಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿಕೊಂಡಿರುತ್ತದೆ. ಅದರಲ್ಲಿರುವ ಇಂಗಾಲ ಭೂಮಿಯದು. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯದೆ ಅಳೆದ ಅಂಕಿಗೆ ಬೆಲೆಯಿಲ್ಲ. ತೊಳೆದರೆ ಕಲ್ಲಿನ ಸ್ವಂತ ಕಾರ್ಬೊನೇಟೂ ಹೋಗುತ್ತದೆ. ಅದೂ ಅಲ್ಲದೆ, ಕಾರ್ಬೊನೇಷಿಯಸ್, ಅಂದರೆ ಇಂಗಾಲಯುಕ್ತ, ಎಂಬ ಹಣೆಪಟ್ಟಿಯ ಕಾಂಡ್ರೈಟ್‌ಗಳೆಲ್ಲ ಇಂಗಾಲದ ಶ್ರೀಮಂತರೇನಲ್ಲ. ಅವುಗಳ ಸಿಐ ಗುಂಪಿನಲ್ಲಿ ಸುಮಾರು ಶೇಕಡಾ 3, ಸಿಎಂ ಗುಂಪಿನಲ್ಲಿ 2ರ ಆಸುಪಾಸು ಇದ್ದರೆ, 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಸೇರುವ ಸಿವಿ ಗುಂಪಿನಲ್ಲಿ ಶೇಕಡಾ ಅರ್ಧದ ಆಸುಪಾಸು ಮಾತ್ರ.

ಮಳೆಗಾಲ ಕಳೆಯದೆ ಕಲ್ಲುಗಳನ್ನು ಹೊರತೆಗೆಯಲಿಲ್ಲ. ನಮ್ಮ ಕರಾವಳಿಯ ಜೂನ್ ತಿಂಗಳಿನಲ್ಲಿ ಸಿಲಿಕಾ ಜೆಲ್‌ನ ನೀಲಿ ಕಾಳುಗಳು ನೋಡನೋಡುತ್ತ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ತೇವ ಇಂಥ ಕಲ್ಲುಗಳ ವೈರಿ. 1864ರಲ್ಲಿ ಫ್ರಾನ್ಸ್‌ನಲ್ಲಿ ಬಿದ್ದ ಓರ್ಗೆಯಿ ಶಿಲೆಯಲ್ಲಿ ಕಾಣುವ ಬಿಳಿ ಸಲ್ಫೇಟ್ ಎಳೆಗಳು ಬಾಹ್ಯಾಕಾಶದಿಂದ ಬಂದವಲ್ಲ, ಇಲ್ಲಿನ ಗಾಳಿಯ ತೇವಾಂಶದಿಂದ ಆಮೇಲೆ ಹುಟ್ಟಿದವು ಎಂಬುದು 2001ರಲ್ಲಿ ಪ್ರಕಟವಾದ ಅಧ್ಯಯನದ ತೀರ್ಮಾನ. ಹಾಗಾಗಿ ಕೊಯ್ಯಲು ನೀರು ಮುಟ್ಟಿಸಲಿಲ್ಲ. ತಂತಿ ಗರಗಸ, ಆಲ್ಕೋಹಾಲ್.

ಮೊದಲ ಕಲ್ಲು ತಕರಾರಿಲ್ಲದೆ ಸೀಳಿತು. ಎರಡನೆಯದರಲ್ಲಿ ಗರಗಸ ಅಲ್ಲೇ ನಿಂತು ಕಿರುಗುಟ್ಟಿತು. ತಂತಿಯ ವಜ್ರದ ಪುಡಿಯೇ ಸವೆಯುತ್ತಿತ್ತು. ನನ್ನ ಸಂಶಯ ಯೂರೆಲೈಟ್ ಎಂಬ, ವಜ್ರ ಅಡಗಿರಬಲ್ಲ ಉಲ್ಕಾಶಿಲೆಯ ಜಾತಿಯ ಕಡೆಗೆ ತಿರುಗಿದ್ದು ಆಗಲೇ. ಈ ಜಾತಿಗೆ ಹೆಸರು ಬಂದದ್ದು 1886ರಲ್ಲಿ ರಷ್ಯಾದ ನೋವೋ ಉರೇಯಲ್ಲಿ ಬಿದ್ದ ಶಿಲೆಯಿಂದ. ಎರಡೇ ವರ್ಷದಲ್ಲಿ ಅದರೊಳಗೆ ವಜ್ರ ಇರುವುದು ವರದಿಯಾಯಿತು. ನಮ್ಮ ಅಸ್ಸಾಮಿನ ಗೋಲ್ಪಾರಾ ಶಿಲೆಯೂ ಇದೇ ಜಾತಿ, ಅದರಲ್ಲೂ ವಜ್ರಗಳಿವೆ.

ಇಲ್ಲಿ ಒಂದು ಎಚ್ಚರ. ತೆಳುಛೇದಕ್ಕೆ, ಅಂದರೆ ಬೆಳಕು ಹಾಯುವಷ್ಟು ತೆಳುವಾಗಿಸಿದ ಕಲ್ಲಿನ ಹಾಳೆಗೆ, ಹೊಳಪು ಕೊಡಲು ಎಲ್ಲರೂ ವಜ್ರದ ಪೇಸ್ಟ್ ಬಳಸುತ್ತಾರೆ. ಅದನ್ನೇ ಬಳಸಿ, ಆಮೇಲೆ ಲೇಸರ್ ಬೆಳಕಿನಿಂದ ಖನಿಜ ಗುರುತಿಸುವ ರಾಮನ್ ಯಂತ್ರದಲ್ಲಿ ವಜ್ರದ ಗುರುತಾದ 1332ರ ಗೆರೆ ಕಂಡು "ವಜ್ರ ಸಿಕ್ಕಿತು" ಎಂದರೆ ಯಾರು ನಂಬಬೇಕು? ನಾನು ಅಲ್ಯುಮಿನಾ ಪುಡಿಯಲ್ಲೇ ಹೊಳಪು ಕೊಟ್ಟೆ. ನಿಧಾನದ ಕೆಲಸ. ಪ್ರತಿಫಲಿತ ಬೆಳಕಿನಲ್ಲಿ ನೋಡಿದಾಗ ಗ್ರಾಫೈಟ್‌ನ ನಡುವೆ ಕೆಲವು ಕಣಗಳು ಸವೆಯದೆ ಉಬ್ಬಿ ನಿಂತಿದ್ದವು, ಒಂದೊಂದರ ಬೆನ್ನಿಗೂ ಗೀರಿನ ಬಾಲ. 1332ರ ಗೆರೆ ಅಲ್ಲೇ ಬಂತು.

ಸೂಕ್ಷ್ಮದರ್ಶಕದಡಿ ಎರಡೂ ಕಲ್ಲುಗಳು ದಾಯಾದಿಗಳಂತೆಯೂ ಕಾಣಲಿಲ್ಲ. ಮೊದಲನೆಯದರಲ್ಲಿ ಬೆಳಕು ದಾಟದ ಕಪ್ಪು ಮ್ಯಾಟ್ರಿಕ್ಸ್ (ಕಣಗಳ ನಡುವಿನ ನುಣ್ಣನೆಯ ದ್ರವ್ಯ), ಅದರಲ್ಲಿ ಅಲ್ಲೊಂದು ಇಲ್ಲೊಂದು 0.3 ಮಿಲಿಮೀಟರಿನ ಕಾಂಡ್ರೂಲ್‌ಗಳು, ಪ್ರತಿಯೊಂದರ ಸುತ್ತ ನಯವಾದ ಧೂಳಿನ ಪದರ, ನೀರಿನ ಸಂಗದಲ್ಲಿ ಹುಟ್ಟುವ ಸರ್ಪೆಂಟೈನ್ ಖನಿಜಗಳು. ಸಿಎಂ ಗುಂಪಿನ, ನೀರಿನಲ್ಲಿ ನೆನೆದ ಸಿಎಂ2 ವರ್ಗದ ಲಕ್ಷಣಗಳೆಲ್ಲ ಇದ್ದವು. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದ ಶಿಲೆಯೂ ಸಿಎಂ2 ಆದ್ದರಿಂದ ಅದರ ಪ್ರಕಟಿತ ಚಿತ್ರಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದೆ.

ಎರಡನೆಯದರಲ್ಲಿ ಕಾಂಡ್ರೂಲ್ ಎಂಬುದೇ ಇಲ್ಲ. ಹೆಚ್ಚುಕಡಿಮೆ ಒಂದೇ ಗಾತ್ರದ ಒಲಿವಿನ್ ಮತ್ತು ಪಿಜನೈಟ್ ಎಂಬ ಖನಿಜಗಳ ಹರಳುಗಳು, ಮೂರು ಹರಳು ಸೇರುವಲ್ಲಿ 120 ಡಿಗ್ರಿಯ ಕೋನ, ಸಂದುಗಳಲ್ಲಿ ಮಸಿ. ಒಲಿವಿನ್‌ನ ಅಂಚುಗಳು ಕಪ್ಪಾಗಿ, ಅವುಗಳಲ್ಲಿ ಸೂಜಿಮೊನೆಯಷ್ಟೂ ಇಲ್ಲದ ಕಬ್ಬಿಣದ ಮಣಿಗಳು. ಬಿಸಿಯಲ್ಲಿ ಇಂಗಾಲವು ಒಲಿವಿನ್‌ನಿಂದ ಆಮ್ಲಜನಕವನ್ನು ಕಿತ್ತುಕೊಂಡಾಗ ಉಳಿದ ಕಬ್ಬಿಣ ಅದು. ಕರಗಿ, ದ್ರವದ ಪಾಲು ಬಸಿದುಹೋಗಿ, ಗಸಿ ಉಳಿದ ಕಲ್ಲು ಇದು.

ಹರಳಿನ ರಾಸಾಯನಿಕ ಅಂಶ ಅಳೆಯುವ ಮೈಕ್ರೋಪ್ರೋಬ್‌ಗೆ ಬೇರೆ ಊರಿಗೆ ಹೋಗಬೇಕಾಯಿತು. ಜೊತೆಗೆ ಬಂದಿದ್ದ ವಿದ್ಯಾರ್ಥಿ ಪರದೆ ನೋಡಿ, "ಸರ್, ಒಲಿವಿನ್ ಒಳಗೂ ಇಂಗಾಲ ಇದೆ!" ಎಂದ. "ಅದು ಬೆಳಿಗ್ಗೆ ನಾವೇ ಬಳಿದದ್ದು ಮಾರಾಯ" ಎಂದೆ. ವಿದ್ಯುತ್ ಹರಿಯಲೆಂದು ಮಾದರಿಗೆ ಇಂಗಾಲದ ತೆಳು ಲೇಪ ಕೊಡುವುದು ವಾಡಿಕೆ; ಬಿರುಕಿಗೆ ತುಂಬಿದ ಎಪಾಕ್ಸಿಯೂ ಇಂಗಾಲವೇ. ನನಗೆ ಬೇಕಿದ್ದುದು ಬೇರೆ ಅಂಕಿಗಳು. ಎರಡನೆಯ ಕಲ್ಲಿನ ಒಲಿವಿನ್ ನಡುಭಾಗದಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇಕಡಾ 0.3ಕ್ಕಿಂತ ಹೆಚ್ಚು, ಕ್ರೋಮಿಯಂ ಆಕ್ಸೈಡ್ 0.6ಕ್ಕಿಂತ ಹೆಚ್ಚು ಬಂತು. ಇವೆರಡೂ ಒಟ್ಟಿಗೆ ಇಷ್ಟು ಏರುವುದು ಯೂರೆಲೈಟ್‌ನ ಗುರುತು. ಅಂಚಿಗೆ ಸರಿದಂತೆ ಕಬ್ಬಿಣ ಇಳಿದು ಮೆಗ್ನೀಷಿಯಂ ಏರಿತು.

ಆಮ್ಲಜನಕದ ಐಸೊಟೋಪ್‌ಗಳ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳ) ಅಳತೆಗೆ ಕೆಲವು ಮಿಲಿಗ್ರಾಂ ಪುಡಿ ಕಳುಹಿಸಿದೆವು. ಮಜಾ ಇರುವುದು ಇಲ್ಲಿ. ಆ ಐಸೊಟೋಪ್‌ಗಳ ನಕ್ಷೆಯಲ್ಲಿ ಯೂರೆಲೈಟ್‌ಗಳು ಬೀಳುವುದು ಕಾರ್ಬೊನೇಷಿಯಸ್ ಕಾಂಡ್ರೈಟ್‌ಗಳ ಖನಿಜಗಳು ಸಾಲುಗಟ್ಟುವ ಅದೇ ಓರೆಗೆರೆಯ ಮೇಲೆ, ಭೂಮಿಯ ಗೆರೆಯ ಕೆಳಗೆ. ಇಂಗಾಲವೂ ಜಾಸ್ತಿ, ಆಮ್ಲಜನಕವೂ ಹೊಂದುತ್ತದೆ. ಇವು ಸಂಬಂಧಿಕರೇ ಎಂದು ಬಹುಕಾಲ ಅನೇಕರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕ್ರೋಮಿಯಂ ಮತ್ತು ಟೈಟಾನಿಯಂ ಐಸೊಟೋಪ್‌ಗಳು ಆ ಸಂಬಂಧವನ್ನು ಮುರಿದವು. ಕಾರ್ಬೊನೇಷಿಯಸ್ ಕಾಂಡ್ರೈಟ್‌ಗಳಲ್ಲಿ ಕ್ರೋಮಿಯಂ-54 ಭೂಮಿಗಿಂತ ಹೆಚ್ಚು, ಯೂರೆಲೈಟ್‌ಗಳಲ್ಲಿ ಕಡಿಮೆ. ವಿಜ್ಞಾನಿ ಪಾಲ್ ವಾರೆನ್ 2011ರಲ್ಲಿ ಈ ಎರಡು ಗುಂಪುಗಳನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಿದರು. ಒಂದೇ ಸೂರ್ಯನ ಸುತ್ತ, ಬೇರೆಬೇರೆ ಓಣಿಗಳಲ್ಲಿ ಹುಟ್ಟಿದ ಕಲ್ಲುಗಳಿವು.

ಕ್ರೋಮಿಯಂ ಪರೀಕ್ಷೆ ನಮ್ಮ ಕೈಗೆಟಕುವುದಲ್ಲ, ನನ್ನ ವಿಂಗಡಣೆಗೆ ಅದು ಬೇಕಾಗಲೂ ಇಲ್ಲ. ಹರಳಿನ ಜೋಡಣೆ ಮತ್ತು ಒಲಿವಿನ್ ಅಂಕಿಗಳೇ ಮುಕ್ಕಾಲು ಕೆಲಸ ಮುಗಿಸಿದ್ದವು. ಇಂಥ ಕಲ್ಲು ಕೈಗೆ ಬಂದವರಿಗೆ ನಾನು ಹೇಳುವುದು: ಇರುವ ಹಣದಲ್ಲಿ ಮೊದಲು ಒಂದು ಒಳ್ಳೆಯ ತೆಳುಛೇದ ಮಾಡಿಸಿ, ಇಂಗಾಲದ ಅಳತೆಯನ್ನು ಕಡೆಗೆ ಇಟ್ಟುಕೊಳ್ಳಿ. ಕೊಯ್ದಾಗ ಉದುರಿದ ಪುಡಿಯನ್ನೂ ಗಾಜಿನ ಬಾಟಲಿಯಲ್ಲಿ ತುಂಬಿಡಿ, ಆಮ್ಲಜನಕದ ಪರೀಕ್ಷೆಗೆ ಅದು ಸಾಕಾಗುತ್ತದೆ; ಇಂಗಾಲ ಅಳೆಯಲು ಮಾತ್ರ ಅಖಂಡ ಚೂರೇ ಬೇಕು, ಪುಡಿಯಲ್ಲಿ ತಂತಿಯಿಂದ ಸವೆದ ವಜ್ರ, ಅಂದರೆ ಇಂಗಾಲ, ಬೆರೆತಿರುತ್ತದೆ. ಆಲ್ಕೋಹಾಲ್ ಪೂರ್ತಿ ಆರಿರಬೇಕು, ಅಷ್ಟೆ.